ಬೋಲ್ಟಿನ ಚೀಲ

ಚಿತ್ತಾ ಮಳೆ ಜಿಟಿಜಿಟಿ ಹಿಡಿದ ಬೆಳಗು. ಮಾಲೂರಿನ ರಸ್ತೆ ಬದಿ ಪೇರಿಸಿಟ್ಟ ಹೆಂಚು, ಇಟ್ಟಿಗೆ ನಿಶ್ಚಿಂತೆಯಿಂದ ನೆನೆಯುತ್ತಿವೆ. ಬೆಂಕಿ ಕಂಡ ಮಣ್ಣಿಗೆ ಮಳೆಯ ಭಯವೇನು? ಎದುರಿನ ಹಾರ್ಡ್‌ವೇರ್ ಗೋದಾಮಿನಲ್ಲಿ ಮಾತ್ರ ಗಡಿಬಿಡಿ.

ಬಾಗಿಲಿಗೆ ಹಿಂಬದಿ ಕೊಟ್ಟು ಲಾರಿ ನಿಂತಿದೆ. ಟಾರ್ಪಾಲು ಸರಿಸಿದರೆ ಸರಕು ಮೊಣಕಾಲೆತ್ತರಕ್ಕೂ ಇಲ್ಲ. ಅರ್ಧ ಗಾಡಿ ಖಾಲಿ ಬಂದಿದೆಯಲ್ಲ ಎಂದೆ. "ಮೇಲಲ್ಲ, ಕೆಳಗೆ ಟೈರು ನೋಡಣ್ಣ" ಎಂದು ಡ್ರೈವರ್ ನಕ್ಕ. ಒಂದು ಘನ ಅಡಿ ಗಟ್ಟಿ ಉಕ್ಕು ಸುಮಾರು 220 ಕೆ.ಜಿ. ತೂಗುತ್ತದೆ. ನಟ್ಟು, ಬೋಲ್ಟು ತುಂಬಿದ ಲಾರಿ ಕಣ್ಣಿಗೆ ತುಂಬುವ ಮೊದಲೇ ಆಕ್ಸೆಲ್‌ಗೆ ತುಂಬಿರುತ್ತದೆ. ಅದಕ್ಕೇ ಚೀಲಗಳನ್ನು ತಳದಲ್ಲೇ ಹರಡಿ, ಕ್ಯಾಬಿನ್ ಕಡೆಗೆ ಒತ್ತಿ, ಬೆಲ್ಟು ಬಿಗಿದಿದ್ದಾರೆ. ನಡುವೆ ಒಂದಡಿ ಸಂದು ಬಿಟ್ಟರೆ ಸಾಕು, ಬ್ರೇಕು ಒತ್ತಿದಾಗ ಅಷ್ಟೂ ಉಕ್ಕು ಡ್ರೈವರ್‌ನ ಬೆನ್ನಿನ ಕಡೆಗೆ ನುಗ್ಗುತ್ತದೆ.

"ಎತ್ತಾಕಬೇಡ್ರಪ್ಪೋ!" ಒಳಗಿಂದ ಸ್ಟೋರಿನ ಯಜಮಾನರ ಕೂಗು. ಬಿಸಾಡಿದರೆ ಬೋಲ್ಟು ಮುರಿಯುವುದಿಲ್ಲ, ಅದರ ತಿರುಪಿನ ಮರೆ ಜಜ್ಜಿಹೋಗುತ್ತದೆ. ಆಮೇಲೆ ನಟ್ಟು ಅರ್ಧ ದಾರಿಯಲ್ಲೇ ಹಠ ಹಿಡಿದು ನಿಲ್ಲುತ್ತದೆ.

ಒಳಗೆ ಎಣ್ಣೆಯ ವಾಸನೆ. ಮರದ ಹಲಗೆಗಳ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಪೆಟ್ಟಿಗೆಗಳ ಸಾಲು. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಹಳೆಯದು ಮುಂದೆ, ಹೊಸದು ಹಿಂದೆ. ಕಟ್ಟಡ ಸಾಮಗ್ರಿಯನ್ನು ಪೇರಿಸಿಡಲೆಂದೇ ಐಎಸ್ 4082 ಎಂಬ ಭಾರತೀಯ ಮಾನಕವಿದೆ. ಯಜಮಾನರು ಅದನ್ನು ಓದಿದವರಲ್ಲ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಹುಗಿದಿಡುತ್ತಿದ್ದ ಸೀಮೆಯವರು. ಆದರೆ ಕಬ್ಬಿಣಕ್ಕೆ ನೆಲದ ಸಹವಾಸ ಆಗದೆಂದು ಅನುಭವದಿಂದ ಕಲಿತವರು.

ಟಾಯ್ಲೆಟ್ ತೊಳೆಯುವ ಆ್ಯಸಿಡ್ ಕ್ಯಾನುಗಳನ್ನು ಅವರು ಹಿತ್ತಲ ಶೆಡ್ಡಿಗೆ ಗಡೀಪಾರು ಮಾಡಿದ್ದಾರೆ. ಮುಚ್ಚಳ ಸಡಿಲವಾದರೆ ಅದರ ಹಬೆಯೇ ಸಾಕು, ಹೊಳೆಯುವ ಮೊಳೆಗಳು ಕೆಂಪಾಗಲು. ಸತುವಿನ ಲೇಪದ ಬೋಲ್ಟಿನದು ಇನ್ನೊಂದು ರೋಗ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ತೇವ ಸೇರಿದರೆ ಸುಣ್ಣ ಬಳಿದಂತೆ ಬಿಳಿ ತುಕ್ಕು ಏಳುತ್ತದೆ. ಮಳೆ ತಪ್ಪಿಸಲು ಸುತ್ತಿದ ಪ್ಲಾಸ್ಟಿಕ್ಕೇ ಒಳಗೆ ಬೆವರು ಹುಟ್ಟಿಸುತ್ತದೆ. ತುಕ್ಕು, ಧೂಳು ಹಿಡಿದ ನಟ್ಟು ಸ್ಪ್ಯಾನರಿಗೆ ಸುಳ್ಳು ಹೇಳುವುದೂ ಉಂಟು. ತಿರುಗಿಸಿದ ಬಲವೆಲ್ಲ ಉಜ್ಜಾಟಕ್ಕೇ ಸೋರಿ, ಕೈಗೆ ಬಿಗಿಯೆನಿಸಿದ್ದು ಒಳಗೆ ಸಡಿಲವಾಗಿಯೇ ಉಳಿದಿರುತ್ತದೆ.

ಮೂಲೆಯಲ್ಲಿ ಒಂದು ಚೀಲ ಒಂಟಿಯಾಗಿತ್ತು. ಒಂದು ಬೋಲ್ಟು ಎತ್ತಿಕೊಂಡೆ. ತಲೆಯ ಮೇಲೆ 8.8. ಅಂದರೆ 4.6 ದರ್ಜೆಯ ಬೋಲ್ಟಿಗಿಂತ ಎರಡು ಪಟ್ಟು ಎಳೆತ ತಾಳುವ ಜಾತಿ. ತುಕ್ಕಿನ ಚುಕ್ಕೆಯೂ ಇಲ್ಲ. "ಇದ್ಯಾಕೆ ಇಲ್ಲಿ?"

"ಚೀಟಿ ಕಿತ್ತೋಗಿದೆ. ಯಾವ ಲಾಟು, ಟೆಸ್ಟ್ ಸರ್ಟಿಫಿಕೇಟ್ ಯಾವುದು, ಒಂದೂ ಗೊತ್ತಾಗಲ್ಲ. ಶೆಡ್ಡಿನ ಕಂಬಕ್ಕೆ ಇದನ್ನ ಹೆಂಗೆ ಕೊಡಲಿ?"

"ಮತ್ತೆ?"

ಅವರು ಚೀಲದ ಬಾಯಿ ಕಟ್ಟಿ, ಕಾಲಿನಿಂದಲೇ ಗುಜರಿ ತಕ್ಕಡಿಯ ಕಡೆ ನೂಕಿದರು.