ಅರ್ಥವಾಗದ ಪುಸ್ತಕ ಮತ್ತು ಅತ್ತೆಯವರ ಕಿವಿ

ನಮ್ಮ ಮನೆಯ ಪುಸ್ತಕದ ಕಪಾಟಿನ ಒಂದು ಸಾಲಿಗೆ ನನ್ನ ಹೆಂಡತಿ ‘ಐಸಿಯು’ ಎಂದು ಹೆಸರಿಟ್ಟಿದ್ದಾಳೆ. ನಾನು ಅರ್ಧಕ್ಕೆ ಬಿಟ್ಟ ಪುಸ್ತಕಗಳೆಲ್ಲ ಅಲ್ಲಿ ಮಲಗಿವೆ.

ಅಲ್ಲಿನ ಹಳೆಯ ರೋಗಿ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’. 1922ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಈ ಕಾದಂಬರಿ ಮುಖ್ಯವಾಗಿ ನಡೆಯುವುದು ಡಬ್ಲಿನ್‌ನಲ್ಲಿ, 1904ರ ಜೂನ್ 16ರಂದು. ಮೊದಲ ಪುಟದಲ್ಲೇ ಒಬ್ಬ ಮೆಡಿಕಲ್ ವಿದ್ಯಾರ್ಥಿ ಬರುತ್ತಾನೆ. ನಮ್ಮವನೇ ಎಂದು ಖುಷಿಪಟ್ಟೆ. ಮೂರನೆಯ ಅಧ್ಯಾಯಕ್ಕೆ ಉಸಿರು ಕಟ್ಟಿತು. ಹದಿನಾಲ್ಕನೆಯದು ಹೆರಿಗೆ ಆಸ್ಪತ್ರೆಯಲ್ಲಿ ನಡೆಯುತ್ತದೆಂದು ತಿಳಿದು ಅಲ್ಲಿಗೇ ಹಾರಿದೆ. ಅದು ಇನ್ನೂ ಕಠಿಣ! ಇಂಗ್ಲಿಷ್ ಗದ್ಯದ ಶತಮಾನಗಳ ಶೈಲಿಗಳನ್ನು ಜಾಯ್ಸ್ ಅಲ್ಲಿ ಒಂದಾದ ಮೇಲೊಂದು ಅನುಕರಿಸಿದ್ದಾನೆ. ನೈಟ್ ಡ್ಯೂಟಿ ಮುಗಿಸಿ ಬಂದವನಿಗೆ ಆಗುವ ಕೆಲಸವಲ್ಲವೆಂದು ಮುಚ್ಚಿಟ್ಟೆ.

ಅದರಿಂದ ನಾಚಿಕೆಯೇನೂ ಆಗಲಿಲ್ಲ. ನಾಚಿಕೆಯಾದದ್ದು ಅದರ ಪಕ್ಕದ ತೆಳ್ಳನೆಯ ಪುಸ್ತಕದಿಂದ: ದೇವನೂರ ಮಹಾದೇವರ ‘ಕುಸುಮಬಾಲೆ’. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಧಾರವಾಡದ ನನಗೆ ನಂಜನಗೂಡು ಸೀಮೆಯ ಆ ಆಡುಮಾತು ಕಬ್ಬಿಣದ ಕಡಲೆ. ಅದರ ಮೇಲೆ ಕಥೆ ಹಿಂದುಮುಂದಾಗುತ್ತದೆ, ದೀಪದ ‘ಜೋತಮ್ಮ’ಗಳು ಕೂಡಿ ಮಾತಾಡುತ್ತವೆ. ಎರಡು ಸಲ ಹಿಡಿದು ಎರಡು ಸಲ ಬಿಟ್ಟೆ. ‘ಪ್ರಯೋಗ ಅತಿಯಾಯಿತು’ ಎಂದು ಗೆಳೆಯರಲ್ಲಿ ತೀರ್ಪನ್ನೂ ಕೊಟ್ಟಿದ್ದೆ.

ಒಂದು ಚಳಿಗಾಲ ಅತ್ತೆಯವರು ಇಂಗ್ಲೆಂಡಿಗೆ ಬಂದರು. ನಂಜನಗೂಡು ತಾಲೂಕಿನವರು, ನಾಲ್ಕನೇ ಕ್ಲಾಸು ಓದಿದವರು. ನಾಲ್ಕು ಗಂಟೆಗೇ ಕತ್ತಲು, ಮಾತಿಗೆ ಜನವಿಲ್ಲ. ಅವರ ಮಾತು ಕೇಳಿ ನಮ್ಮ ಮಕ್ಕಳು ನಗುತ್ತಿದ್ದರು. ನಾನೂ ಒಂದೆರಡು ಸಲ ‘ತಿದ್ದಿದ್ದೆ’. ಆಮೇಲೆ ಅವರು ಮಾತು ಕಡಿಮೆ ಮಾಡಿದ್ದು ನನಗೆ ಹೊಳೆಯಲೇ ಇಲ್ಲ.

ಒಂದು ಸಂಜೆ ಸುಮ್ಮನೆ ‘ಕುಸುಮಬಾಲೆ’ಯ ಒಂದು ಪುಟ ಗಟ್ಟಿಯಾಗಿ ಓದಿದೆ. ಅವರು ಹತ್ತಿರ ಸರಿದು ಕೂತರು. “ಅಂಗಲ್ಲ ಅಳಿಯಂದ್ರೆ, ಇಂಗನ್ನಿ” ಎಂದು ರಾಗ ತಿದ್ದಿದರು. ಈಗ ತಿದ್ದಿಸಿಕೊಳ್ಳುವ ಸರದಿ ನನ್ನದು! ನಾನು ಪ್ರಯೋಗವೆಂದುಕೊಂಡದ್ದು ಅವರಿಗೆ ಜಗಲಿಯ ಕತೆ. ದೀಪ ಮಾತಾಡಿದ್ದಕ್ಕೆ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಆದರೆ ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗ ಚೆನ್ನನಿಗೆ ಏನಾಯಿತೆಂದು ತಿಳಿದ ದಿನ ಅವರು ಬಹಳ ಹೊತ್ತು ಸುಮ್ಮನಿದ್ದರು. “ಮುಂದಕ್ಕೆ ನಾಳೆ ಓದಾಣ” ಎಂದು ಎದ್ದುಹೋದರು. ನಾನು ಏನೂ ಕೇಳಲಿಲ್ಲ.

ಹಿಂದುಮುಂದಾಗಿ ಹೇಳುವ ರೋಗಿಯನ್ನು ತಡೆಯಬೇಡಿ, ಕೇಳಿಸಿಕೊಳ್ಳಿ ಎಂದು ಜೂನಿಯರ್ ಡಾಕ್ಟರುಗಳಿಗೆ ಪಾಠ ಹೇಳುವವನು ನಾನು. ಪುಸ್ತಕದ ವಿಷಯದಲ್ಲೂ, ಮನೆಯೊಳಗೂ ಅದನ್ನೇ ಮರೆತಿದ್ದೆ.

ಈಗ ನನ್ನ ಪದ್ಧತಿ ಸರಳ. ಪುಸ್ತಕ ಕಷ್ಟವಾದರೆ ಮೊದಲು ಕಾರಣ ಹುಡುಕುತ್ತೇನೆ. ದಣಿವಾದರೆ ರಜೆಯವರೆಗೆ ಕಾಯಬಹುದು. ಕಿವಿ ಪಳಗಿಲ್ಲದಿದ್ದರೆ ಹತ್ತು ಪುಟ ಗಟ್ಟಿಯಾಗಿ ಓದಬೇಕು, ಬಲ್ಲವರನ್ನು ಕೇಳಬೇಕು. ಆಮೇಲೂ ರುಚಿಸದಿದ್ದರೆ ಧಾರಾಳವಾಗಿ ಬಿಡಬಹುದು, ತೀರ್ಪು ಮಾತ್ರ ಕೊಡಬಾರದು.

‘ಯುಲಿಸಿಸ್’ ಇನ್ನೂ ಐಸಿಯುನಲ್ಲೇ ಇದೆ. ‘ಕುಸುಮಬಾಲೆ’ ಡಿಸ್ಚಾರ್ಜ್ ಆಗಿ ಅತ್ತೆಯವರ ಸೂಟ್‌ಕೇಸಿನಲ್ಲಿ ಊರಿಗೆ ಹೋಯಿತು.