ದೂರದರ್ಶಕದಲ್ಲಿ ನಡುಗಿದ ಮಂಗಟ್ಟೆ

ದಾಂಡೇಲಿಯ ಬಳಿ, ಕಾಳೀ ನದಿಯ ಆಚೆ ದಡದಲ್ಲಿ ಕುಳಿತ ಮಂಗಟ್ಟೆ ಹಕ್ಕಿಯನ್ನು ನಡುಹಗಲಿನಲ್ಲಿ ದೂರದರ್ಶಕದಿಂದ ನೋಡಿದಾಗ ಅದರ ಕೊಕ್ಕು ನೀರಿನೊಳಗಿನ ಬಿಂಬದಂತೆ ಅಲುಗುತ್ತಿದ್ದಿತು. ಮಸೂರವೇ ಕೆಟ್ಟಿತೆಂದು ನಾವು ಕೊಳವೆಯನ್ನು ಬಿಚ್ಚಲು ಹೊರಟಿದ್ದೆವು; ಬಿಚ್ಚಿದ್ದರೆ ಮಳೆಗಾಲದ ತೇವ ಒಳಸೇರಿ ಗಾಜಿಗೆ ಬೂಷ್ಟು ಹಿಡಿಯುವ ಸಂಭವವಿತ್ತು.

ತಪ್ಪು ಗಾಜಿನದಲ್ಲ, ಗಾಳಿಯದು. ಹೊಳೆಯ ಕಾದ ಬಂಡೆಗಳ ಮೇಲಿನ ಬಿಸಿಗಾಳಿ ವಿರಳವಾಗಿ ಮೇಲೇರುತ್ತ ತಂಪುಗಾಳಿಯೊಡನೆ ಬೆರೆಯುವಾಗ ಬೆಳಕಿನ ಕಿರಣಗಳು ಕ್ಷಣಕ್ಷಣಕ್ಕೂ ಬೇರೆಬೇರೆಯಾಗಿ ಬಾಗುತ್ತವೆ. ಬಿಸಿಲುಗುದುರೆಯ ಒಡಹುಟ್ಟಿದ್ದೇ ಇದು! ವರ್ಧನೆಯನ್ನು 60 ಮಡಿಗೇರಿಸಿದರೆ ಈ ನಡುಕವೂ 60 ಮಡಿ ಹಿಗ್ಗುವುದು. ಮೇಲಾಗಿ, 60 ಮಿಲಿಮೀಟರ್ ಮಸೂರದಿಂದ ಕಣ್ಣಿಗೆ ಬರುವ ಬೆಳಕಿನ ದಂಡದ ಅಗಲ ಆಗ 1 ಮಿಲಿಮೀಟರ್ ಮಾತ್ರ. 20 ಮಡಿಗಿಳಿಸಿದರೆ ಅದು 3 ಮಿಲಿಮೀಟರ್. ಗುರಿಬಂದೂಕಿನ ದೂರದರ್ಶಕಕ್ಕೂ ಇದೇ ಲೆಕ್ಕ.

ಮರುದಿನ ಬಂಡೆ ಕಾಯುವ ಮೊದಲೇ, 20 ಮಡಿಯಲ್ಲಿ ನೋಡಿದೆವು. ಕೊಕ್ಕಿನ ಅಂಚು ಗೆರೆ ಎಳೆದಂತಿದ್ದಿತು.