ಹಳೆಯ ಕಂಪ್ಯೂಟರ್‌ನಲ್ಲಿ ಆಟ: ತಪ್ಪು ಕಲ್ಪನೆ ಮತ್ತು ಸತ್ಯ

ಹತ್ತು ಹನ್ನೆರಡು ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪ್, ನಾಲ್ಕು ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಂಥದ್ದೊಂದು ಅನೇಕರ ಮನೆಯಲ್ಲಿದೆ. ಪತ್ರ ಬರೆಯಲು, ಅರ್ಜಿ ತುಂಬಲು, ಸಿನಿಮಾ ನೋಡಲು ಅದು ಸಾಕು. ಆಟದ ಮಾತು ಬಂದಾಗ ಮಾತ್ರ 'ಇದರಲ್ಲೇನೂ ಓಡಲ್ಲ, ಹೊಸದೇ ತಗೋಬೇಕು' ಎಂಬ ತೀರ್ಪು ಸಿದ್ಧವಾಗಿರುತ್ತದೆ. ಈ ತೀರ್ಪಿನ ಹಿಂದೆ ಹಲವು ತಪ್ಪು ಕಲ್ಪನೆಗಳಿವೆ, ಅವುಗಳ ಬೇರು ಬಹುಮಟ್ಟಿಗೆ ಒಂದೇ. ಆಟ ಎಷ್ಟು ಚೆನ್ನಾಗಿದೆ, ಯಂತ್ರಕ್ಕೆ ಎಷ್ಟು ಭಾರ ಎಂಬ ಎರಡನ್ನೂ ನಾವು ಪರದೆಯ ಮೇಲಿನ ಚಿತ್ರ ನೋಡಿಯೇ ಅಳೆಯುತ್ತೇವೆ. ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದರೆ ಹಳೆಯ ಯಂತ್ರಕ್ಕೆ ಆಟಗಳ ಬರವೇನೂ ಇಲ್ಲ, ನಾವು ಹುಡುಕುವ ಕ್ರಮವೇ ಸರಿಯಿಲ್ಲ ಎಂಬುದು ಗೊತ್ತಾಗುತ್ತದೆ.

ಕಲ್ಪನೆ 1: ಒಳ್ಳೆಯ ಆಟಗಳೆಲ್ಲ ಭಾರಿ ಗ್ರಾಫಿಕ್ಸ್ ಬೇಡುತ್ತವೆ

2023ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಅತ್ಯುತ್ತಮ ಆಟದ ಪ್ರಶಸ್ತಿ ಕೊಟ್ಟಿದ್ದು 'ವ್ಯಾಂಪೈರ್ ಸರ್ವೈವರ್ಸ್'ಗೆ. ಕಣದಲ್ಲಿ 'ಎಲ್ಡೆನ್ ರಿಂಗ್', 'ಗಾಡ್ ಆಫ್ ವಾರ್ ರ‍್ಯಾಗ್ನರಾಕ್' ಮೊದಲಾದ ಕೋಟ್ಯಂತರ ಖರ್ಚಿನ ಆಟಗಳಿದ್ದವು. ಗೆದ್ದ ಆಟದಲ್ಲಿರುವುದು ತೊಂಬತ್ತರ ದಶಕವನ್ನು ನೆನಪಿಸುವ ಚುಕ್ಕಿ ಚಿತ್ರಗಳು. ಆಟಗಾರ ಅತ್ತಿತ್ತ ಓಡಾಡಿದರೆ ಸಾಕು, ಆಯುಧಗಳು ತಾವೇ ಸಿಡಿಯುತ್ತವೆ. ಒಂದೊಂದು ಹಂತ ಏರಿದಾಗಲೂ ಮುಂದಿನ ಆಯುಧ ಯಾವುದು ಎಂದು ಆರಿಸಬೇಕು, ಆಟದ ಗುಟ್ಟೆಲ್ಲ ಈ ಆಯ್ಕೆಯಲ್ಲಿದೆ. ಪ್ರಶಸ್ತಿ ತೀರ್ಪುಗಾರರ ರುಚಿ, ಜನರ ರುಚಿ ಬೇರೆ ಎಂದು ಯಾರಾದರೂ ಹೇಳಬಹುದು. ಹಾಗಾದರೆ 'ಸ್ಟಾರ್‌ಡ್ಯೂ ವ್ಯಾಲಿ'ಯನ್ನು ನೋಡಿ. ಎರಿಕ್ ಬರೋನ್ ಒಬ್ಬರೇ ಕೂತು ಕಟ್ಟಿದ ಈ ಬೇಸಾಯದ ಆಟ 2016ರಲ್ಲಿ ಬಂತು, ಮೂರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದು ಕೇಳುವ ಕನಿಷ್ಠ ರ‍್ಯಾಮ್ ಎರಡು ಜಿಬಿ. 2024ರಲ್ಲಿ ಬಂದು ಹುಚ್ಚು ಹಿಡಿಸಿದ ಇಸ್ಪೀಟಿನ ಆಟ 'ಬಲಾಟ್ರೊ' ಕೂಡ ಹೆಚ್ಚೇನೂ ಕೇಳುವುದಿಲ್ಲ. ಇದು ಅಚ್ಚರಿಯ ಸಂಗತಿಯೇನಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ 'ಟೆಟ್ರಿಸ್' ಬರೆದ ಯಂತ್ರಕ್ಕೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ, ಕಂಸದ ಚಿಹ್ನೆಗಳನ್ನು ಜೋಡಿಸಿ ಆತ ಇಟ್ಟಿಗೆ ಮಾಡಿದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ ಇಟ್ಟುಕೊಂಡು ಚೌಕಾಬಾರ ಆಡುತ್ತ ಮಧ್ಯಾಹ್ನ ಕಳೆಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟಗಾರನನ್ನು ಹಿಡಿದು ಕೂರಿಸುವುದು ನಿಯಮ ಮತ್ತು ಆಯ್ಕೆ.

ಕಲ್ಪನೆ 2: ಚಿತ್ರ ಸರಳವಾಗಿದ್ದರೆ ಆಟ ಹಗುರ

ಮೇಲಿನ ಮಾತು ಕೇಳಿ ಇನ್ನೊಂದು ತುದಿಗೆ ಹಾರುವವರೂ ಇದ್ದಾರೆ. ಚುಕ್ಕಿ ಚಿತ್ರದ ಆಟ ಯಾವುದಾದರೂ ಸರಿ, ಹಳೆಯ ಯಂತ್ರದಲ್ಲಿ ಓಡಿಯೇ ಓಡುತ್ತದೆ ಎಂದು ದುಡ್ಡು ಕೊಟ್ಟು ಆಮೇಲೆ ಬೇಸರಪಡುತ್ತಾರೆ. 2006ರಲ್ಲಿ ಮೊದಲು ಬಂದ, ಕುಳ್ಳರ ಕೋಟೆ ಕಟ್ಟುವ ಆಟ 'ಡ್ವಾರ್ಫ್ ಫೋರ್ಟ್ರೆಸ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೂಲ ರೂಪದಲ್ಲಿ ಚಿತ್ರವೇ ಇಲ್ಲ, ಅಕ್ಷರ ಮತ್ತು ಚಿಹ್ನೆಗಳಷ್ಟೇ. ಬೆಕ್ಕು ಎಂದರೆ ಇಂಗ್ಲಿಷಿನ 'ಸಿ' ಅಕ್ಷರ. ಆದರೆ ಆ ಅಕ್ಷರಗಳ ಹಿಂದೆ ಪ್ರತಿಯೊಬ್ಬ ಕುಳ್ಳನ ಮನಸ್ಥಿತಿ, ಗಾಯ, ನಡೆಯುವ ದಾರಿ, ಹರಿಯುವ ನೀರು ಎಲ್ಲದರ ಲೆಕ್ಕ ಕ್ಷಣಕ್ಷಣಕ್ಕೂ ನಡೆಯುತ್ತಿರುತ್ತದೆ. ಕೋಟೆಯಲ್ಲಿ ಜನ ಹೆಚ್ಚಿದಂತೆ ಬಲವಾದ ಪ್ರೊಸೆಸರ್ ಕೂಡ ಏದುಸಿರು ಬಿಡುತ್ತದೆ. 'ಮೈನ್‌ಕ್ರಾಫ್ಟ್' ಕೂಡ ಹಾಗೆಯೇ: ಕಾಣಲು ಬರೀ ಚೌಕದ ಇಟ್ಟಿಗೆ, ಅದರ ಜಾವಾ ಆವೃತ್ತಿ ಮಾತ್ರ ಹಳೆಯ ಲ್ಯಾಪ್‌ಟಾಪನ್ನು ಸುಸ್ತು ಮಾಡುತ್ತದೆ. ತದ್ವಿರುದ್ಧದ ಉದಾಹರಣೆಯೂ ಇದೆ. ಮನರಂಜನಾ ಪಾರ್ಕ್ ನಡೆಸುವ 1999ರ ಆಟ 'ರೋಲರ್‌ಕೋಸ್ಟರ್ ಟೈಕೂನ್'ನಲ್ಲಿ ನೂರಾರು ಪ್ರವಾಸಿಗರು, ಒಬ್ಬೊಬ್ಬರಿಗೂ ಹಸಿವು, ಜೇಬಿನ ದುಡ್ಡು, ವಾಂತಿ ಬರುವ ಭಯ. ಕ್ರಿಸ್ ಸಾಯರ್ ಅದನ್ನು ಬಹುಪಾಲು ಅಸೆಂಬ್ಲಿ ಭಾಷೆಯಲ್ಲೇ ಬರೆದಿದ್ದರಿಂದ ಅಂದಿನ ಸಾಮಾನ್ಯ ಪೆಂಟಿಯಂ ಯಂತ್ರಗಳೂ ಅಷ್ಟನ್ನು ನಿಭಾಯಿಸಿದವು. ಆದ್ದರಿಂದ ಆಟದ ಭಾರ ತಿಳಿಯಲು ಅದರ ಚಿತ್ರ ನೋಡಿ ಊಹಿಸುವುದಕ್ಕಿಂತ ತಯಾರಕರು ಕೊಟ್ಟ ಕನಿಷ್ಠ ಅಗತ್ಯಗಳ ಪಟ್ಟಿ ಓದುವುದು ಮೇಲು.

ಕಲ್ಪನೆ 3: ರ‍್ಯಾಮ್ ಹಾಕಿಸಿದರೆ ಎಲ್ಲ ಓಡುತ್ತದೆ

ಪಟ್ಟಿ ಓದುವವರೂ ರ‍್ಯಾಮ್‌ನ ಸಾಲಿನಲ್ಲೇ ನಿಂತುಬಿಡುತ್ತಾರೆ. ಹಳೆಯ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಸೋಲುವುದು ಅದರ ಮುಂದಿನ ಸಾಲಿನಲ್ಲಿ, ಗ್ರಾಫಿಕ್ಸ್‌ನಲ್ಲಿ. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಘಟಕಕ್ಕೆ ಸ್ವಂತ ಮೆಮೊರಿಯಿಲ್ಲ, ಯಂತ್ರದ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಹೀಗಾಗಿ ಎರಡನೆಯ ರ‍್ಯಾಮ್ ಸ್ಟಿಕ್ ಸೇರಿಸಿದರೆ ಅದಕ್ಕೂ ಅಷ್ಟಿಷ್ಟು ಚೇತರಿಕೆ ಸಿಗುವುದು ನಿಜ. ಆದರೆ ಆಟಕ್ಕೆ ಬೇಕಾದ ಡೈರೆಕ್ಟ್‌ಎಕ್ಸ್ ಅಥವಾ ಓಪನ್‌ಜಿಎಲ್ ಆವೃತ್ತಿ ಆ ಚಿಪ್‌ಗೆ ಗೊತ್ತಿಲ್ಲದಿದ್ದರೆ ಎಷ್ಟು ಜಿಬಿ ಹಾಕಿದರೂ ಆಟ ತೆರೆಯುವುದೇ ಇಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಟ ಬೇಗ ತೆರೆಯುತ್ತದೆ, ಯಂತ್ರವೆಲ್ಲ ಚುರುಕಾಗುತ್ತದೆ. ಆದರೆ ಪರದೆಯ ಮೇಲಿನ ಓಟ ಹೆಚ್ಚುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ದುಡ್ಡು ಸುರಿಯುವ ಮುನ್ನ ಈ ವ್ಯತ್ಯಾಸ ಗೊತ್ತಿರಬೇಕು. ಖರ್ಚಿಲ್ಲದ ಉಪಾಯ ರೆಸಲ್ಯೂಷನ್ ತಗ್ಗಿಸುವುದು. 1920×1080ರ ಪರದೆಯಲ್ಲಿ ಒಂದೊಂದು ಚೌಕಟ್ಟಿಗೂ ಸುಮಾರು 20.7 ಲಕ್ಷ ಚುಕ್ಕಿ ಬರೆಯಬೇಕು, 1280×720ರಲ್ಲಿ 9.2 ಲಕ್ಷ. ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಫ್ಯಾನಿಗೆ ಮೆತ್ತಿದ ಧೂಳು ತೆಗೆಸುವುದೂ ಅಷ್ಟೇ ಮುಖ್ಯ, ಏಕೆಂದರೆ ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. 'ಗೇಮ್ ಬೂಸ್ಟರ್' ಎಂಬ ಹೆಸರಿನ ತಂತ್ರಾಂಶಗಳು ಹಿನ್ನೆಲೆಯಲ್ಲಿ ಓಡುವ ಕೆಲವು ಕೆಲಸಗಳನ್ನು ನಿಲ್ಲಿಸಬಲ್ಲವು, ಇಲ್ಲದ ಶಕ್ತಿಯನ್ನು ಹುಟ್ಟಿಸಲಾರವು.

ಕಲ್ಪನೆ 4: ಹಳೆಯ ಆಟ ಹಳೆಯ ಯಂತ್ರದಲ್ಲಿ ತಾನಾಗಿ ಓಡುತ್ತದೆ

ಇಲ್ಲಿ ಶಕ್ತಿಗಿಂತ ಹೊಂದಾಣಿಕೆಯ ಪ್ರಶ್ನೆ ದೊಡ್ಡದು. 1993ರ ಡಿಸೆಂಬರ್‌ನಲ್ಲಿ ಬಂದ 'ಡೂಮ್' ನಾಲ್ಕು ಎಂಬಿ ರ‍್ಯಾಮ್‌ನಲ್ಲಿ ಓಡುತ್ತಿತ್ತು. ಆದರೂ ನಿಮ್ಮ ವಿಂಡೋಸ್ 10 ಯಂತ್ರದಲ್ಲಿ ಅದರ ಮೂಲ ಫೈಲನ್ನು ಒತ್ತಿದರೆ ಆಟ ತೆರೆಯುವುದಿಲ್ಲ, ಅದು ಡಾಸ್ ಕಾಲದ್ದು. 64 ಬಿಟ್ ವಿಂಡೋಸ್ 16 ಬಿಟ್‌ನ ಕಾರ್ಯಕ್ರಮಗಳನ್ನು ಓಡಿಸುವುದೇ ಇಲ್ಲ. ತೊಂಬತ್ತರ ದಶಕದ ಕೆಲವು ಸಿಡಿಗಳಲ್ಲಿ ಆಟ 32 ಬಿಟ್ಟಿನದಾಗಿದ್ದರೂ ಅದನ್ನು ಅನುಸ್ಥಾಪಿಸುವ ಫೈಲು 16 ಬಿಟ್ಟಿನದು, ಹಾಗಾಗಿ ಬಾಗಿಲಲ್ಲೇ ತಡೆ. ಡಾಸ್ ಆಟಗಳಿಗೆ ಪರಿಹಾರ 2002ರಿಂದ ಇರುವ 'ಡಾಸ್‌ಬಾಕ್ಸ್', ಅದು ಯಂತ್ರದೊಳಗೆ ಹಳೆಯ ಡಾಸ್ ಯಂತ್ರವೊಂದನ್ನು ನಟಿಸಿ ತೋರಿಸುತ್ತದೆ. 2008ರಲ್ಲಿ ಶುರುವಾದ ಪೋಲೆಂಡಿನ 'ಜಿಒಜಿ' ಮಳಿಗೆ ಅನೇಕ ಹಳೆಯ ಆಟಗಳನ್ನು ಇಂದಿನ ವಿಂಡೋಸ್‌ಗೆ ಹೊಂದಿಸಿಯೇ ಮಾರುತ್ತದೆ. ಬ್ರೌಸರ್‌ನಲ್ಲಿ ಆಡುತ್ತಿದ್ದ ಫ್ಲ್ಯಾಶ್ ಆಟಗಳಿಗೆ ಅಡೋಬಿ 2020ರ ಕೊನೆಗೆ ಬೆಂಬಲ ನಿಲ್ಲಿಸಿತು. ಈಗ 'ರಫಲ್' ಎಂಬ ಮುಕ್ತ ತಂತ್ರಾಂಶ ಅವುಗಳಲ್ಲಿ ಹಲವನ್ನು ಮತ್ತೆ ಆಡಿಸುತ್ತದೆ. ಇನ್ನೊಂದು ಅಡ್ಡಿ ಮಳಿಗೆಯದು. ಆಟ ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿದೆ. ಆಟ ವಿಂಡೋಸ್ 7ರಲ್ಲಿ ಓಡಬಹುದು, ಅದನ್ನು ಕೊಡುವ ಅಂಗಡಿಯೇ ತೆರೆಯದಿದ್ದರೆ ಏನು ಪ್ರಯೋಜನ? ಅನುಸ್ಥಾಪನೆಯ ಫೈಲನ್ನೇ ಇಳಿಸಿಕೊಳ್ಳಲು ಬಿಡುವ ಮಳಿಗೆ, ಇಲ್ಲವೇ ಯಂತ್ರಕ್ಕೆ ಹಗುರವಾದ ಲಿನಕ್ಸ್, ಈ ಎರಡು ದಾರಿ ಉಳಿಯುತ್ತವೆ.

ಕಲ್ಪನೆ 5: ಪುಕ್ಕಟೆ ಬೇಕೆಂದರೆ ಕ್ರ್ಯಾಕ್ ಆದ ಪ್ರತಿಯೇ ಗತಿ

ಹಳೆಯ ಆಟಕ್ಕೆ ಹಕ್ಕುದಾರರಿಲ್ಲ ಎಂಬ ನಂಬಿಕೆ ಇದರ ಜೊತೆಗೇ ಬರುತ್ತದೆ. ಅಂಗಡಿಯಿಂದ ಮರೆಯಾದ ಮಾತ್ರಕ್ಕೆ ಕೃತಿಸ್ವಾಮ್ಯ ಮುಗಿಯುವುದಿಲ್ಲ; ಭಾರತದ 1957ರ ಕಾಯ್ದೆಯಲ್ಲಿ ಕಂಪ್ಯೂಟರ್ ಕಾರ್ಯಕ್ರಮ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಕ್ರ್ಯಾಕ್ ಆದ ಪ್ರತಿಗಳ ಜೊತೆ ವೈರಸ್ ಬರುವುದು ಮಾಮೂಲು. ಭದ್ರತಾ ಪರಿಷ್ಕರಣೆ ನಿಂತುಹೋದ ಹಳೆಯ ವಿಂಡೋಸ್‌ಗೆ ಆ ಅಪಾಯ ಇನ್ನೂ ಹೆಚ್ಚು. ಅಷ್ಟಕ್ಕೂ ಕಳ್ಳದಾರಿಯ ಅಗತ್ಯವೇ ಇಲ್ಲ. 'ಡೂಮ್'ನ ಮೂಲ ಸಂಕೇತ 1997ರಲ್ಲಿ ಬಿಡುಗಡೆಯಾಯಿತು. ಅದರ ಚಿತ್ರ ಮತ್ತು ಹಂತಗಳ ಹಕ್ಕು ಇನ್ನೂ ಕಂಪನಿಯದೇ ಆದ್ದರಿಂದ ಉತ್ಸಾಹಿಗಳು ಅವನ್ನೆಲ್ಲ ಹೊಸದಾಗಿ ಮಾಡಿ 'ಫ್ರೀಡೂಮ್' ಎಂದು ಕೊಟ್ಟಿದ್ದಾರೆ. ರೈಲು, ಬಸ್ಸು, ಹಡಗು ಓಡಿಸಿ ಕಂಪನಿ ಕಟ್ಟುವ 'ಓಪನ್‌ಟಿಟಿಡಿ', ಸರದಿಯಂತೆ ನಡೆಸುವ ಯುದ್ಧದ 'ಬ್ಯಾಟಲ್ ಫಾರ್ ವೆಸ್ನಾತ್', ಮೈನ್‌ಕ್ರಾಫ್ಟ್ ಬಗೆಯ 'ಲುವಾಂಟಿ', ಚದುರಂಗಕ್ಕೆ 'ಲೀಚೆಸ್', ಇವೆಲ್ಲ ಕಾನೂನುಬದ್ಧವಾಗಿಯೇ ಉಚಿತ. ಚದುರಂಗದ 'ಸ್ಟಾಕ್‌ಫಿಶ್' ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡಿದರೂ ವಿಶ್ವ ಚಾಂಪಿಯನ್ನನನ್ನೇ ಸೋಲಿಸಬಲ್ಲದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪಣೆ ಗಟ್ಟಿಯಾಗಿ ನಿಲ್ಲುತ್ತದೆ: ಗೆಳೆಯರೆಲ್ಲ ಆಡುವ ಆಟವನ್ನೇ ಆಡಬೇಕು, ಒಬ್ಬನೇ ಕೂತು ಆಡಲು ಬೇಸರ. ಇದು ನ್ಯಾಯವಾದ ಮಾತು, ಇಲ್ಲಿ ಹಳೆಯ ಯಂತ್ರ ಸೋಲುವುದುಂಟು. ಕೆಲವೊಮ್ಮೆ ಸೋಲಿಗೆ ಶಕ್ತಿಯ ಕೊರತೆಯೂ ಕಾರಣವಲ್ಲ. 'ವ್ಯಾಲೊರೆಂಟ್' ದೊಡ್ಡ ಯಂತ್ರವನ್ನೇನೂ ಕೇಳುವುದಿಲ್ಲ. ಆದರೆ ವಿಂಡೋಸ್ 11ರಲ್ಲಿ ಮೋಸ ತಡೆಯಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇರಲೇಬೇಕೆನ್ನುತ್ತದೆ. ಅಂಥ ಆಟವೇ ಬೇಕೆನ್ನುವವರು ಹೊಸ ಯಂತ್ರ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಜೊತೆಯಾಗಿ ಆಡುವುದೇ ಮುಖ್ಯವೆಂದರೆ ಓಪನ್‌ಟಿಟಿಡಿ, ಲುವಾಂಟಿ, ಲೀಚೆಸ್ ಮೂರರಲ್ಲೂ ಗೆಳೆಯರು ಸೇರಬಹುದು. ವೆಸ್ನಾತನ್ನು ಒಂದೇ ಲ್ಯಾಪ್‌ಟಾಪ್ ಮುಂದೆ ಇಬ್ಬರು ಸರದಿಯಲ್ಲಿ ಕೂತು ಆಡಬಹುದು.

ಹೊಸ ಕಂಪ್ಯೂಟರಿನ ಬೆಲೆ ವಿಚಾರಿಸುವ ಮುನ್ನ ಒಂದು ಕೆಲಸ ಮಾಡಿ. ವಿಂಡೋಸ್ ಕೀಲಿ ಹಿಡಿದು ಆರ್ ಒತ್ತಿ, ತೆರೆಯುವ ಚೌಕದಲ್ಲಿ ಡಿಎಕ್ಸ್‌ಡಯಾಗ್ (dxdiag) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಚಿಪ್, ವಿಂಡೋಸ್ ಆವೃತ್ತಿ ನಾಲ್ಕೂ ಅಲ್ಲಿ ಸಿಗುತ್ತವೆ, ಬರೆದಿಟ್ಟುಕೊಳ್ಳಿ. ಆಟದ ಕನಿಷ್ಠ ಅಗತ್ಯಗಳ ಪಕ್ಕ ಅದನ್ನಿಟ್ಟು ಸಾಲು ಸಾಲಾಗಿ ಹೋಲಿಸಿ, ಹೊಂದಿದರೆ ಮಾತ್ರ ಕೊಳ್ಳಿ. ಅಷ್ಟಾಗಿಯೂ ಓಡದಿದ್ದರೆ ಚಿಂತಿಸಬೇಡಿ: ಕೊಂಡು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ, ಕೇಳಿದವರಿಗೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ.